ಮೇಲ್ಮುದ್ದೆಯ ಕೆಳಗೆ

ಕಿತ್ತೂರು ಕೋಟೆ ನೋಡಲು ಹೋದವರಿಗೆ ಅರಮನೆಯ ಪಾಳುಗೋಡೆಯಲ್ಲಿರುವ ಒಂದು ಕಿಂಡಿಯನ್ನು ತಪ್ಪದೆ ತೋರಿಸುತ್ತಾರೆ. ರಾತ್ರಿ ಅದಕ್ಕೆ ಕಣ್ಣಿಟ್ಟರೆ ನೇರ ಧ್ರುವ ನಕ್ಷತ್ರ ಕಾಣುತ್ತದೆ. ನಾನು ಹೋದದ್ದು ಹಗಲು. ನಕ್ಷತ್ರ ಸಿಗಲಿಲ್ಲ, ಗೋಡೆ ಸಿಕ್ಕಿತು. ಗಾರೆ ಉದುರಿದ ಜಾಗದಲ್ಲಿ ಇಟ್ಟಿಗೆ, ಇಟ್ಟಿಗೆಗಳ ನಡುವೆ ಮಣ್ಣು. ಕೈಯಿಂದ ಮುಟ್ಟಿದೆ. ಬೈಲಹೊಂಗಲ ಕಡೆಯ ನಮ್ಮ ಆಯಿಯ ಮನೆಯ ಗೋಡೆ ಮುಟ್ಟಿದ ಹಾಗೇ ಇತ್ತು. ಸಂಸ್ಥಾನದ ಅರಮನೆಗೂ ಒಕ್ಕಲಿಗನ ಮನೆಗೂ ಇಲ್ಲಿ ಕೂಡಿದ್ದು ಒಂದೇ ನೆಲದ ಮಣ್ಣು ಎನ್ನುವುದು ಅವತ್ತು ಅಂಗೈಗೇ ತಿಳಿಯಿತು.

ಹಿರೇಮಲ್ಲಶೆಟ್ಟಿ, ಚಿಕ್ಕಮಲ್ಲಶೆಟ್ಟಿ ಎಂಬ ಅಣ್ಣತಮ್ಮಂದಿರು 1585ರಲ್ಲಿ ಕಟ್ಟಿದ ಈ ಸಂಸ್ಥಾನದ ಗದ್ದುಗೆ ಮೊದಲು ಇದ್ದದ್ದು ಸಂಪಗಾಂವದಲ್ಲಿ. ಅದನ್ನು ಕಿತ್ತೂರಿಗೆ ತಂದು ಕೋಟೆ, ಅರಮನೆ ಕಟ್ಟಿಸಿದವನು ಹದಿನೇಳನೆಯ ಶತಮಾನದ ಅಲ್ಲಪ್ಪಗೌಡ ಸರದೇಸಾಯಿ. ಆಮೇಲಿನ ಕಥೆ ನಾಡಿಗೆಲ್ಲ ಬಾಯಿಪಾಠ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕೋಟೆಯ ಮುಂದೆ ಬಿದ್ದ. ಡಿಸೆಂಬರ್ ಮೊದಲ ವಾರದಲ್ಲಿ ಕಂಪನಿಯ ದೊಡ್ಡ ಸೈನ್ಯ ಬಂದು ಕೋಟೆಯನ್ನು ಹಿಡಿಯಿತು. ರಾಣಿ ಚೆನ್ನಮ್ಮನನ್ನು ಬೈಲಹೊಂಗಲಕ್ಕೆ ಒಯ್ದು ಸೆರೆಯಲ್ಲಿಟ್ಟರು. ನಾಲ್ಕು ವರ್ಷ ದಾಟಿ, 1829ರ ಫೆಬ್ರುವರಿಯಲ್ಲಿ ಆಕೆ ಅಲ್ಲಿಯೇ ತೀರಿಕೊಂಡಳು. ಬೈಲಹೊಂಗಲ ಪೇಟೆಯ ನಡುವೆ ಆಕೆಯ ಸಮಾಧಿ ಇದೆ.

ಈ ಯುದ್ಧವನ್ನು ನಾವು ಎಷ್ಟೋ ಸಲ ಬರೆದಿದ್ದೇವೆ, ಲಾವಣಿ ಕಟ್ಟಿ ಹಾಡಿದ್ದೇವೆ, ಆಟ ಆಡಿದ್ದೇವೆ. ಆದರೆ ಆ ಕಾಳಗಕ್ಕೆ ಹೋದ ಜನ ಬೆಳಿಗ್ಗೆ ಯಾವ ಹೊಸ್ತಿಲು ದಾಟಿ ಹೊರಟರು, ಅವರ ಜೋಳ ಎಲ್ಲಿತ್ತು, ಎತ್ತು ಎಲ್ಲಿ ಕಟ್ಟಿತ್ತು ಎಂದು ಕೇಳಿದವರು ಕಡಿಮೆ. ಅರಮನೆ ಕೆಟ್ಟರೂ ಆ ಮನೆಗಳು ಮೊನ್ನೆ ಮೊನ್ನೆಯವರೆಗೆ ಇದ್ದವು. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಹಿಡಿದು ನೂರು ಚಿಲ್ಲರೆ ಕಿಲೋಮೀಟರು ಹೋದರೆ ಅಳಿದುಳಿದವು ಈಗಲೂ ಕಾಣುತ್ತವೆ. ಈ ನಾಡಿನ ಇನ್ನೂರು ವರ್ಷ ಅವುಗಳ ಗೋಡೆಯಲ್ಲಿದೆ.

ಮೊದಲು ನೋಡಬೇಕಾದದ್ದು ನೆತ್ತಿಯನ್ನು. ಕಿತ್ತೂರಿನ ಪಡುವಲಕ್ಕೆ, ಖಾನಾಪುರದ ಕಡೆ ಮಲೆನಾಡಿನ ಮಳೆ. ಅಲ್ಲಿ ಇಳಿಜಾರು ಮಾಡು, ಹಂಚು, ಹುಲ್ಲು. ಮೂಡಲಕ್ಕೆ ಸರಿದಂತೆ ಮಳೆ ತೆಳುವಾಗುತ್ತದೆ. ರಾಮದುರ್ಗಕ್ಕೆ ಬರುವ ಹೊತ್ತಿಗೆ ವರ್ಷಕ್ಕೆ ಆರುನೂರು ಮಿಲಿಮೀಟರಿನ ಆಸುಪಾಸು ಬಿದ್ದರೆ ದೊಡ್ಡದು. ಮಳೆ ಇಳಿದ ಹಾಗೆ ಮಾಡೂ ಇಳಿಯುತ್ತ ಬಂದು, ಕಡೆಗೆ ಚಪ್ಪಟೆಯಾಗಿ ಮಲಗಿಬಿಡುತ್ತದೆ. ಅದೇ ಮೇಲ್ಮುದ್ದೆ, ನಮ್ಮ ಮಂದಿಯ ಬಾಯಲ್ಲಿ ಮೇಲ್ಮುದ್ದಿ. ಕಿತ್ತೂರು ಸೀಮೆ ಈ ಎರಡರ ನಡುವಿನ ಹೊಸ್ತಿಲು. ಒಂದೇ ಓಣಿಯಲ್ಲಿ ಹಂಚಿನ ಮನೆಯೂ ಮುದ್ದೆಯ ಮನೆಯೂ ಅಕ್ಕಪಕ್ಕ ಕೂತಿರುತ್ತವೆ.

ಮೇಲ್ಮುದ್ದೆ ಎಂದರೆ ಮಣ್ಣು ಸುರಿದ ಮಾಳಿಗೆ ಎಂದಷ್ಟೇ ತಿಳಿದರೆ ಅದನ್ನು ಕಟ್ಟಿದವರಿಗೆ ಅನ್ಯಾಯ ಮಾಡಿದ ಹಾಗೆ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಅಡ್ಡಡ್ಡ ಜಂತಿ, ಜಂತಿಯ ಮೇಲೆ ಒತ್ತೊತ್ತಾಗಿ ಸಣ್ಣ ಸಿಬರಿನಂಥ ಕಟ್ಟಿಗೆ, ಅದರ ಮೇಲೆ ಬೇವಿನ ಇಲ್ಲವೆ ಲಕ್ಕಿಯ ಸೊಪ್ಪು. ಸೊಪ್ಪಿನ ಕಹಿಗೆ ಗೆದ್ದಲು ಅಂಜುತ್ತದೆ. ಸೊಪ್ಪಿನ ಮೇಲೆ ಕಲಸಿ ತುಳಿದ ಕೆಸರು, ಎಲ್ಲಕ್ಕಿಂತ ಮೇಲೆ ಸವಳು ಮಣ್ಣು. ಹೊಲದಲ್ಲಿ ಬೆಳೆ ಬಾರದ, ಬೆಳ್ಳಗೆ ಉಪ್ಪುಬಿಟ್ಟ ಆ ಮಣ್ಣನ್ನು ಯಾರೂ ಬೇಡುವುದಿಲ್ಲ. ಅದೇ ಮಾಳಿಗೆಯ ಮೇಲೆ ಬಂದರೆ ಚಿನ್ನ. ಹನಿ ಬಿದ್ದೊಡನೆ ಮೆತ್ತಗಾಗಿ, ಮುಚ್ಚಿಕೊಂಡು, ನೀರನ್ನು ಒಳಗೆ ಬಿಡದೆ ಹರನಾಳಿಗೆಯ ಕಡೆ ದೂಡುತ್ತದೆ. ಎರೆಮಣ್ಣು ಹಾಕಿದರೆ ಬೇಸಿಗೆಗೆ ಬಿರುಕು ಬಿಟ್ಟು, ಮೊದಲ ಮಳೆಗೇ ಮನೆ ಸೋರುತ್ತದೆ. ಕಾಲಿಟ್ಟಲ್ಲೆಲ್ಲ ಎರೆ ಇರುವ ಬೈಲಹೊಂಗಲದ ಜನ ಸವಳು ಹುಡುಕಿಕೊಂಡು ಬಂಡಿ ಹೂಡಿ ಹೋಗುತ್ತಿದ್ದದ್ದು ಅದಕ್ಕೇ.

ಆ ಬಂಡಿಯ ದಿನ ನನಗೆ ನೆನಪಿದೆ. ರೋಹಿಣಿ ಮಳೆ ಇನ್ನೇನು ಬರಬೇಕು ಎನ್ನುವಾಗ ಮಾವ ನಿಚ್ಚಣಿಕೆ ಹಾಕಿ ಮಾಳಿಗೆ ಏರುತ್ತಿದ್ದ. ಬುಟ್ಟಿ ಕೈಯಿಂದ ಕೈಗೆ ಮೇಲೆ ಹೋಗುತ್ತಿತ್ತು. ಮಣ್ಣು ಹರವಿ, ನೀರು ಚಿಮುಕಿಸಿ, ಬಡಿದು ನುಣುಪು ಮಾಡುವ ಸದ್ದು ಓಣಿಯ ಎಲ್ಲ ಮಾಳಿಗೆಗಳಿಂದ ಕೂಡಿ ಬರುತ್ತಿತ್ತು. ಒಂದು ವರ್ಷ ಊರಿನ ಮುದಿ ಗೌಂಡಿಯೊಬ್ಬರು ಕೆಳಗಿನಿಂದಲೇ ಗದರಿದರು:

"ಏ ತಮ್ಮಾ, ಹಳೇದು ಕೆರದು ತಗದು ಆಮ್ಯಾಲೆ ಹೊಸಾದು ಹಾಕೋ. ನೀ ಹಿಂಗ ಮ್ಯಾಲ ಮ್ಯಾಲ ಹೇರಕೋತ ಹೋದ್ರ ತೊಲಿ ಏನ್ ಮಾಡಬೇಕು, ಪಾಪ?"

"ಆತ್ರೀ ಅಜ್ಜಾರ, ಕೆರಿಸ್ತೀನ್ರಿ" ಎಂದ ಮಾವ, ಮತ್ತೆ ಸಲಿಕೆ ಹಿಡಿದ.

ಅಜ್ಜನ ಮಾತಿನ ಲೆಕ್ಕ ನನಗೆ ಹೊಳೆದದ್ದು ಬಹಳ ಕಾಲದ ಮೇಲೆ. ಒಂದಡಿ ದಪ್ಪದ ಮಣ್ಣು ಚದರ ಮೀಟರಿಗೆ ಅರ್ಧ ಟನ್ನಿನಷ್ಟು ತೂಗುತ್ತದೆ. ಮಲಗಿದವನ ಎದೆಯ ಮೇಲೆ ಅಷ್ಟು ಭಾರ ನಿಂತಿರುತ್ತದೆ. ಅದಕ್ಕೆಂದೇ ಈ ಮನೆಗಳಲ್ಲಿ ಹೆಜ್ಜೆಗೊಂದು ಕಂಬ. ಅನುಕೂಲಸ್ಥರ ಮನೆಗಳಲ್ಲಿ ಗೋಡೆಯೊಳಗೂ ಕಂಬ ಹುದುಗಿಸಿ ಇಡೀ ಮಾಳಿಗೆಯನ್ನು ಕಟ್ಟಿಗೆಯ ಮೇಲೆ ನಿಲ್ಲಿಸುತ್ತಿದ್ದರು. ಗೋಡೆಯದು ಬಿಸಿಲು, ಚಳಿ, ಕಳ್ಳರನ್ನು ತಡೆಯುವ ಕೆಲಸ ಮಾತ್ರ. ಗೋಡೆ ಬಿದ್ದರೂ ಮಾಳಿಗೆ ನಿಲ್ಲುತ್ತಿತ್ತು. ಬಡವನ ಮನೆಯಲ್ಲಿ ಕಟ್ಟಿಗೆ ಕಡಿಮೆ, ತೊಲೆಯ ತುದಿ ಮಣ್ಣಿನ ಗೋಡೆಯ ಮೇಲೇ ಕೂತಿರುತ್ತಿತ್ತು. ಈ ವ್ಯತ್ಯಾಸ ಮುಂದೆ ಜೀವಕ್ಕೆ ಬಂತು. ಅದನ್ನು ಆಮೇಲೆ ಹೇಳುತ್ತೇನೆ.

ಮನೆ ಎಷ್ಟು ದೊಡ್ಡದು ಎಂದರೆ ನಮ್ಮ ಕಡೆ ಅಡಿಯ ಲೆಕ್ಕ ಹೇಳುತ್ತಿರಲಿಲ್ಲ, ಕಂಬ ಕಂಬಗಳ ನಡುವಿನ ಅಂಕಣದ ಲೆಕ್ಕ ಹೇಳುತ್ತಿದ್ದರು. ಆರಂಕಣದ ಮನೆ, ಹನ್ನೆರಡಂಕಣದ ಮನೆ. ಮರಾಠಿಯ ಗಾಳಿ ಬೀಸಿದ ಊರುಗಳಲ್ಲಿ ಖಣ ಎಂದರು. ಹೆಣ್ಣು ಕೊಡುವಾಗ ಹೊಲ ಎಷ್ಟು ಎಕರೆ, ಮನೆ ಎಷ್ಟು ಖಣ ಎಂದು ಎರಡೂ ಕೇಳಿದರೆ ಬೀಗರ ಬದುಕು ತಿಳಿಯುತ್ತಿತ್ತು. ನಿದ್ದೆ ಬಾರದೆ ಹೊರಳಾಡುವುದಕ್ಕೆ ಜಂತಿ ಎಣಿಸುವುದು ಎನ್ನುತ್ತೇವಲ್ಲ, ಆ ಮಾತು ಹುಟ್ಟಿದ್ದೂ ಇಂಥ ಮಾಳಿಗೆಯ ಕೆಳಗೇ.

ತಲಬಾಗಿಲು ದಾಟಿದೊಡನೆ ಸಿಗುವುದು ದಂದಕ್ಕಿ: ತಗ್ಗಿನ ನೆಲ, ಗೋದಲಿ, ಎತ್ತು, ಆಕಳು, ಎಮ್ಮೆ. ಅಲ್ಲಿಂದ ಮೊಣಕಾಲೆತ್ತರದ ಕಟ್ಟೆ ಏರಿದರೆ ಪಡಸಾಲೆ. ಅಲ್ಲಿ ಮನುಷ್ಯರ ವಾಸ. ಅದರ ಹಿಂದೆ ಅಡುಗೆಮನೆ, ದೇವರ ಮೂಲೆ, ಬಚ್ಚಲು, ಹಿತ್ತಲು. ಗೋಡೆಯಲ್ಲಿ ದೀಪದ ಮಾಡ, ಗಿಳಿಗೂಟ. ಕಿಟಕಿ ಇಲ್ಲವೇ ಇಲ್ಲ ಎನ್ನಬೇಕು, ಇದ್ದರೂ ಗೇಣಗಲ. ಬೆಳಕು ಬರುವುದು ಮಾಳಿಗೆಯ ಬೆಳಕಿಂಡಿಯಿಂದ. ಮಧ್ಯಾಹ್ನದ ಹೊತ್ತು ಒಲೆಯ ಹೊಗೆಯೊಳಗೆ ಅದು ಬೆಳ್ಳನೆಯ ಕಂಬದಂತೆ ನೆಲಕ್ಕಿಳಿದು, ಸಂಜೆಯ ತನಕ ಗೋಡೆಯ ಮೇಲೆ ತೆವಳುತ್ತ ಹೋಗುತ್ತಿತ್ತು. ಆಯಿಗೆ ಅದೇ ಗಡಿಯಾರ. ಬೆಳಕು ಬೀಸುಕಲ್ಲಿಗೆ ಬಂದರೆ ಹೊಲಕ್ಕೆ ಬುತ್ತಿ ಹೊರಡಬೇಕು.

ದನ ಮನುಷ್ಯ ಒಂದೇ ಸೂರಿನಡಿ ಇರುವುದನ್ನು ಕಂಡು ಹೊರಗಿನವರು ಮೂಗು ಮುಚ್ಚಿಕೊಂಡದ್ದುಂಟು. ಆದರೆ ಇಂಗ್ಲೆಂಡಿನ ನೈಋತ್ಯಕ್ಕೆ, ಡೆವನ್ ಸೀಮೆಯ ಡಾರ್ಟ್‌ಮೂರ್ ಎಂಬ ಬೋಳುಗುಡ್ಡದ ನಾಡಿನಲ್ಲಿ ಲಾಂಗ್‌ಹೌಸ್ ಎಂಬ ಹಳೆಯ ರೈತಮನೆಗಳಿವೆ. ಅವೂ ಹೀಗೇ. ಉದ್ದನೆಯ ಒಂದೇ ಮನೆ, ನಡುವೆ ಹಾದುಹೋಗುವ ಬಾಗಿಲದಾರಿ, ತಗ್ಗಿನ ಭಾಗದಲ್ಲಿ ದನ, ಎತ್ತರದಲ್ಲಿ ಮನುಷ್ಯರು. ಗಂಜಲ ಕೆಳಕ್ಕೆ ಹರಿದುಹೋಗುತ್ತದೆ, ದನದ ಮೈಕಾವು ಚಳಿಗಾಲಕ್ಕೆ ಮನೆಯಲ್ಲೇ ಉಳಿಯುತ್ತದೆ. ಅದೇ ಡೆವನ್‌ನಲ್ಲಿ ಕಾಬ್ ಎಂಬ ಮನೆಗಳೂ ಇವೆ: ಮಣ್ಣಿಗೆ ಒಣಹುಲ್ಲು ಬೆರೆಸಿ, ತುಳಿದು, ಪದರ ಪದರವಾಗಿ ಏರಿಸಿದ ಎರಡು ಮೂರಡಿ ದಪ್ಪದ ಗೋಡೆ. ಒಳ್ಳೆಯ ಟೊಪ್ಪಿಗೆ, ಒಳ್ಳೆಯ ಜೋಡು ಇದ್ದರೆ ಕಾಬ್ ಮನೆ ಎಷ್ಟು ಕಾಲವಾದರೂ ಬಾಳುತ್ತದೆ ಎಂದು ಅಲ್ಲಿಯ ಹಿರಿಯರು ಹೇಳುತ್ತಾರೆ. ನೆತ್ತಿಗೆ ಹುಲ್ಲಿನ ದಪ್ಪ ಮಾಡು, ಕಾಲಿಗೆ ಕಲ್ಲಿನ ಅಡಿಪಾಯ ಎಂದು ಅದರ ಅರ್ಥ. ನಮ್ಮ ಗೌಂಡಿ ಅಜ್ಜನೂ ಡೆವನ್ನಿನ ಅಜ್ಜನೂ ಒಬ್ಬರನ್ನೊಬ್ಬರು ಕಾಣದೆಯೇ ಮಣ್ಣಿನ ಮನೆಯ ಬಾಳು ನೆತ್ತಿಯ ಆರೈಕೆಯಲ್ಲಿದೆ ಎಂಬ ಒಂದೇ ಮಾತಿಗೆ ಬಂದಿದ್ದರು.

ಬ್ರಿಟನ್ನಿನಿಂದ ಬಂದವರಿಗೆ ಇಲ್ಲಿಯ ಮಣ್ಣಿನ ಗೋಡೆ ಹೊಸದೇನಾಗಿರಲಿಕ್ಕಿಲ್ಲ. ಥ್ಯಾಕರೆ ಬಿದ್ದ ದಿನ ಕಿತ್ತೂರಿನ ಕೈಗೆ ಸೆರೆಸಿಕ್ಕ ಇಬ್ಬರು ಅಧಿಕಾರಿಗಳಲ್ಲಿ ವಾಲ್ಟರ್ ಎಲಿಯಟ್ ಒಬ್ಬ. ಇನ್ನೂ ಎಳೆಯ ವಯಸ್ಸು. ಎರಡನೆಯ ಯುದ್ಧದ ಹೊತ್ತಿಗೆ ಬಿಡುಗಡೆಯಾಗುವ ತನಕ ಕೋಟೆಯೊಳಗೇ ಇದ್ದ. ಮುಂದೆ ಈತನೇ ಊರೂರು ತಿರುಗಿ ನೂರಾರು ಕನ್ನಡ ಶಾಸನಗಳ ಪ್ರತಿ ಮಾಡಿಸಿದ. ಸೆರೆಯ ಆ ವಾರಗಳು ಅವನಲ್ಲಿ ಯಾವ ಬೀಜ ಬಿತ್ತಿದವೋ ಎಂದು ಕಿತ್ತೂರಿಗೆ ಹೋದಾಗಲೆಲ್ಲ ನನಗೆ ಅನ್ನಿಸುತ್ತದೆ.

ರಾಣಿ ಬೈಲಹೊಂಗಲದಲ್ಲಿ ತೀರಿಕೊಂಡ ಸಂಕಟದ ಕಾಲದಲ್ಲೇ ಸಂಗೊಳ್ಳಿ ರಾಯಣ್ಣ ಎದ್ದ. ಅವನೂ ಇಂಥದೇ ಮಣ್ಣುಮನೆಯ ಮಗ, ಊರ ಕಾವಲಿನ ವಾಲಿಕಾರ. ಚಾಕರಿಗೆ ಬದಲು ಬಂದ ಹೊಲಗಳ ಮೇಲೆ ಕಂಪನಿ ಸರಕಾರ ಕಂದಾಯ ಹೇರಿ ಕಿತ್ತುಕೊಳ್ಳತೊಡಗಿದಾಗ ಅವನ ಸಿಟ್ಟು ಸರಕಾರಿ ಕಚೇರಿಗಳ ಮೇಲೆ ಹರಿಯಿತು. ಬೀಡಿಯಲ್ಲಿ, ಸಂಪಗಾಂವದಲ್ಲಿ ಕಚೇರಿಗೆ ಬೆಂಕಿ ಬಿತ್ತು. ಊರಿನ ಮನೆಗಳಂತೆಯೇ ಇದ್ದ ಚಾವಡಿಯಲ್ಲಿ ಒಂದೇ ಒಂದು ಹೊಸ ವಸ್ತು ಸೇರಿತ್ತು, ಕಾಗದ. ಯಾರ ಹೊಲ ಯಾರದು ಎಂದು ಬರೆದ ಕಾಗದ. ರಾಯಣ್ಣ ಸುಡಬೇಕೆಂದದ್ದು ಅದನ್ನು. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು.

ಮನೆಗಳಲ್ಲಿ ಅಂಜಿಕೆಯ ಗುರುತೂ ಇದೆ. ಪೇಶವೆಯ ಆಳ್ವಿಕೆ ಸಡಿಲಾಗಿ 1818ರಲ್ಲಿ ಮುಗಿಯುವವರೆಗಿನ ದಶಕಗಳಲ್ಲಿ ಕುದುರೆಯೇರಿ ಬಂದು ದೋಚುವ ಪಿಂಡಾರಿಗಳ ಭಯ ಈ ಬಯಲಿಗೆಲ್ಲ ಇತ್ತು. ಊರಿಗೆ ಅಗಸಿ, ಅಗಸಿಗೆ ದಪ್ಪ ಕದ, ಗೌಡರ ವಾಡೆಯ ಪಕ್ಕ ಕಲ್ಲು ಮಣ್ಣಿನ ಎತ್ತರದ ಹುಡೇವು. ಮೇಲೆ ನಿಂತರೆ ಹರದಾರಿ ದೂರದ ಕುದುರೆ ಧೂಳು ಕಾಣಬೇಕು. ಮನೆಗಳು ಗೋಡೆಗೆ ಗೋಡೆ ಹಚ್ಚಿ ನಿಂತದ್ದೂ, ಮಾಳಿಗೆಯಿಂದ ಮಾಳಿಗೆಗೆ ದಾಟಿ ಊರ ಈ ತುದಿಯಿಂದ ಆ ತುದಿ ಮುಟ್ಟುವ ಹಾಗಿದ್ದದ್ದೂ ಆ ಕಾಲಕ್ಕೆ ಒದಗಿ ಬಂತು. ಜೋಳ ಮಾತ್ರ ನೆಲದಡಿಗೆ ಇಳಿಯಿತು. ಹಗೇವು ಎಂದರೆ ಬಾವಿಯಂತೆ ತೋಡಿದ ಕಣಜ. ಬಾಯಿ ಕಿರಿದು, ಹೊಟ್ಟೆ ದೊಡ್ಡದು. ಒಳಗೆ ಸುತ್ತಲೂ ಕಣಿಕೆ, ಹೊಟ್ಟು ಹಚ್ಚಿ ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಇರುತ್ತಿತ್ತು. ತೆಗೆದ ದಿನವೇ ಯಾರೂ ಇಳಿಯುವಂತಿಲ್ಲ. ಒಳಗಿನ ಕೆಟ್ಟ ಗಾಳಿ ಹೊರಗೆ ಹೋಗಲು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು ನೋಡಬೇಕು. ದೀಪ ಉರಿದರೆ ಮಾತ್ರ ಮನುಷ್ಯ ಇಳಿಯಬೇಕು. ಹಗೇದ ಜೋಳದ ರೊಟ್ಟಿಗೆ ಒಂದು ಮುಗ್ಗಲು ವಾಸನೆ ಇರುತ್ತಿತ್ತು. ಆಯಿ ಅದನ್ನು ಬರಗಾಲದ ವಾಸನೆ ಎನ್ನುತ್ತಿದ್ದಳು. 1876ರಿಂದ 1878ರವರೆಗೆ ಈ ಸೀಮೆಯನ್ನು ಅರೆದ ದೊಡ್ಡ ಬರದಲ್ಲಿ ಹಗೇವು ತುಂಬಿದ್ದವನ ಮನೆ ಉಳಿಯಿತು, ಬರಿದಾಗಿದ್ದವನ ಮನೆಗೆ ಬೀಗ ಬಿತ್ತು.

ಸವದತ್ತಿಗೆ ಬಂದರೆ ಮಣ್ಣಿನ ಜೊತೆಗೆ ಕಲ್ಲು ಎದ್ದು ನಿಲ್ಲುತ್ತದೆ. ರಟ್ಟರ ಸುಗಂಧವರ್ತಿ ಇದೇ. ಇಲ್ಲಿಯ ಗುಡ್ಡದ ಗಟ್ಟಿ ಕಲ್ಲಿಗೆ ಭೂಗರ್ಭ ಶಾಸ್ತ್ರದವರು ಸವದತ್ತಿಯ ಹೆಸರನ್ನೇ ಇಟ್ಟಿದ್ದಾರೆ. ಹದಿನೆಂಟನೆಯ ಶತಮಾನದಲ್ಲಿ ಸಿರಸಂಗಿಯ ಜಯಪ್ಪ ದೇಸಾಯಿ ಕಟ್ಟಿಸಿದ ಎಂಟು ಬುರುಜಿನ ಕೋಟೆಯೊಳಗೆ ಕಾಡಸಿದ್ಧೇಶ್ವರ ಗುಡಿ ಇದೆ. ಅದರ ಸುತ್ತಿನ ಗೋಡೆಯಲ್ಲಿ ಇನ್ನೂರಕ್ಕೂ ಮೀರಿ ಕೆತ್ತಿದ ಚಿತ್ತಾರಗಳು. ಒಂದು ಕಾಲಕ್ಕೆ ಬಣ್ಣವೂ ಇತ್ತು. ಒಂದೊಂದನ್ನೇ ನೋಡುತ್ತ ನಡೆದರೆ ಯಾವುದೂ ಪರಕೀಯ ಅನ್ನಿಸುವುದಿಲ್ಲ. ಸಾರಿಸಿದ ಅಂಗಳದ ರಂಗೋಲಿ ಕಲ್ಲಿಗೆ ಏರಿದ ಹಾಗಿವೆ.

ಸಿರಸಂಗಿಯಲ್ಲಿ ಕಾಳಮ್ಮನ ಗುಡಿ. ಬಡಿಗೇರರು, ಕಮ್ಮಾರರು, ಪತ್ತಾರರು ನಡೆದುಕೊಳ್ಳುವ ದೇವಿ, ಯುಗಾದಿಗೆ ಜಾತ್ರೆ. ಈ ಸೀಮೆಯ ಬಾಗಿಲು ಚೌಕಟ್ಟಿಗೆ ಉಳಿ ಹಿಡಿದ ಕೈಗಳೆಲ್ಲ ಆಕೆಯ ಮುಂದೆ ಮುಗಿದ ಕೈಗಳು. ಗೋಡೆಗೆ ಒಂದು ಕಾಸು ಖರ್ಚು ಮಾಡಿದರೆ ತಲಬಾಗಿಲಿಗೆ ಹತ್ತು ಕಾಸು ಖರ್ಚು ಮಾಡುವುದು ನಮ್ಮ ಮಂದಿಯ ರೀತಿ. ಗೋಡೆ ಎಷ್ಟೆಂದರೂ ಮಣ್ಣು. ಬಾಗಿಲು ಮೊಮ್ಮಕ್ಕಳಿಗೂ ಬೇಕು. ಅದೇ ಊರಿನ ದೇಸಾಯಿ ಲಿಂಗರಾಜರು 1906ರಲ್ಲಿ ತೀರಿಕೊಂಡಾಗ ಆಸ್ತಿಯನ್ನೆಲ್ಲ ಮಕ್ಕಳ ವಿದ್ಯೆಗೆಂದು ಬರೆದಿಟ್ಟಿದ್ದರು. ಆ ದತ್ತಿಯಿಂದ ಓದಿ ಮೇಲೆ ಬಂದವರಲ್ಲಿ ಎಷ್ಟೋ ಜನ ಬೆಳಕಿಂಡಿಯ ಕೆಳಗೆ ಪಾಟಿ ಹಿಡಿದು ಕೂತವರು.

ಮನೆ ಬದಲಾಗತೊಡಗಿದ್ದು ಅದಕ್ಕೂ ಕೆಲವು ದಶಕ ಮೊದಲೇ. 1878ರ ಅರಣ್ಯ ಕಾಯ್ದೆ ಖಾನಾಪುರದ ಕಾಡಿಗೆ ಬೇಲಿ ಹಾಕಿತು. ಸಾಗುವಾನಿ, ಮತ್ತಿಯ ತೊಲೆ ತರಲು ಸರಕಾರದ ಅಪ್ಪಣೆ ಬೇಕಾಯಿತು. ಬೇವು, ಜಾಲಿ, ಮಾವಿನ ಕಟ್ಟಿಗೆಯೇ ಬಡವನಿಗೆ ಗತಿ. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆಗೆದಿದ್ದರು. 1880ರ ದಶಕದ ಕೊನೆಗೆ ಧಾರವಾಡ, ಬೆಳಗಾವಿ ಸೀಮೆಗೆ ರೈಲು ಬಂದ ಮೇಲೆ ಅಂಥ ಹಂಚು ಈ ಕಡೆಯೂ ಸುಲಭವಾಯಿತು. ಹಗುರ ಮಾಡಿಗೆ ದಪ್ಪ ತೊಲೆ ಬೇಡ. ನಿಧಾನವಾಗಿ ಮೇಲ್ಮುದ್ದೆಗೆ ಬಡವರ ಮನೆ ಎಂಬ ಹೆಸರು ಅಂಟಿತು. ಸ್ವಾತಂತ್ರ್ಯದ ಮೇಲೆ ಸರಕಾರಿ ಲೆಕ್ಕದಲ್ಲಿ ಅದಕ್ಕೆ ಕಚ್ಚಾ ಮನೆ ಎಂಬ ಮುದ್ರೆಯೂ ಬಿತ್ತು. ಕಚ್ಚಾ ಎಂದರೆ ಬಲಿಯದ್ದು. ನಾಲ್ಕು ತಲೆಮಾರು ಬಾಳಿದ ಮನೆ ಬಲಿಯದ್ದು ಹೇಗಾದೀತು? ಈ ಮಾತು ನನಗೆ ಇವತ್ತಿಗೂ ನೋವು ಕೊಡುತ್ತದೆ. ನಮ್ಮಲ್ಲಿ ಬರ ಬಡಿಯುತ್ತಿದ್ದ 1877ರಲ್ಲೇ ಇಂಗ್ಲೆಂಡಿನಲ್ಲಿ ವಿಲಿಯಂ ಮಾರಿಸ್ ಹಳೆಯ ಕಟ್ಟಡ ಉಳಿಸುವ ಸಂಘ ಕಟ್ಟಿದ. 1947ರ ಕಾಯ್ದೆಯಿಂದ ಅಲ್ಲಿ ಹಳೆಯ ಕಟ್ಟಡಗಳನ್ನು ಪಟ್ಟಿ ಮಾಡಿ ಕಾಯತೊಡಗಿದರು. ಆ ಪಟ್ಟಿಯಲ್ಲಿ ಅರಮನೆಗಳ ಜೊತೆ ಮಣ್ಣಿನ ಗೋಡೆಯ ರೈತಮನೆಗಳೂ ಇವೆ. ನಮ್ಮಲ್ಲಿ ಕಾವಲು ಸಿಕ್ಕಿದ್ದು ಕೋಟೆಗೆ, ಗುಡಿಗೆ.

ಸವದತ್ತಿಯಿಂದ ಮುಂದೆ ರಾಮದುರ್ಗ, ಭಾವೆ ಮನೆತನದ ಸಂಸ್ಥಾನವಾಗಿದ್ದ ಊರು. ನರಗುಂದದ ಬಾಬಾಸಾಹೇಬ ಈ ದೊರೆಮನೆಗೆ ಬಳಗ. 1858ರ ಮೇ ಕೊನೆಗೆ ಮ್ಯಾನ್ಸನ್ ಎಂಬ ಇಂಗ್ಲಿಷ್ ಅಧಿಕಾರಿಯನ್ನು ಅವನು ಮುಗಿಸಿದ್ದು ಇದೇ ತಾಲೂಕಿನ ಸುರೇಬಾನದಲ್ಲಿ. ಸಂಸ್ಥಾನ 1948ರಲ್ಲಿ ಭಾರತದ ಒಕ್ಕೂಟಕ್ಕೆ ಸೇರಿತು. ನನಗೆ ರಾಮದುರ್ಗ ಎಂದರೆ ಮೊದಲು ನೆನಪಾಗುವುದು ನೇಕಾರರ ಓಣಿ. ಪಡಸಾಲೆಯ ನೆಲದಲ್ಲಿ ತಗ್ಗು ತೋಡಿ ಮಗ್ಗ ಹೂಡಿ, ಕಾಲು ಇಳಿಬಿಟ್ಟು ಕೂತು ನೇಯುವ ಮನೆಗಳು. ಹತ್ತಿಯ ನೂಲಿಗೆ ತೇವ ಬೇಕು, ಒಣಗಿದರೆ ಪಟಪಟನೆ ಹರಿಯುತ್ತದೆ. ಸುಡುವ ಬೇಸಿಗೆಯಲ್ಲೂ ಮಣ್ಣಿನ ನೆಲ, ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ ಕೂಡಿ ಆ ತೇವ ಕಾಯುತ್ತಿದ್ದವು. ಸಿಮೆಂಟಿನ ಮನೆ ಕಟ್ಟಿಸಿದ ನೇಕಾರರೊಬ್ಬರು ಹೇಳಿದ್ದು: "ಮನಿ ಚಲೋ ಆತ್ರೀ, ನೂಲಿಗೆ ಒಗ್ಗಲಿಲ್ಲ." ಅವರು ಮಗ್ಗದ ಸುತ್ತ ನೆಲಕ್ಕೆ ನೀರು ಚಿಮುಕಿಸುತ್ತ ಕೆಲಸಕ್ಕೆ ಕೂಡುತ್ತಿದ್ದರು.

2019ರ ಆಗಸ್ಟ್ ಮೊದಲೆರಡು ವಾರ ಮಲಪ್ರಭೆ ಹೊರಳಿತು. ಒಂದು ಕಡೆ ಬಿಡದೆ ಸುರಿದ ಮಳೆ, ಇನ್ನೊಂದು ಕಡೆ ನವಿಲುತೀರ್ಥದ ಅಣೆಕಟ್ಟಿನಿಂದ ಬಿಟ್ಟ ನೀರು. ರಾಮದುರ್ಗ, ಸವದತ್ತಿ ತಾಲೂಕುಗಳ ಹೊಳೆದಂಡೆಯ ಊರುಗಳಲ್ಲಿ ಮಣ್ಣಿನ ಮನೆಗಳು ಸಾಲುಸಾಲಾಗಿ ಕೂತವು. ಮೇಲಿನಿಂದ ಬೀಳುವ ಮಳೆಯನ್ನು ಮೇಲ್ಮುದ್ದೆ ತಡೆದೀತು. ಕಾಲ ಬುಡದಲ್ಲಿ ದಿನಗಟ್ಟಲೆ ನಿಂತ ನೀರಿನ ಮುಂದೆ ಮಣ್ಣಿನ ಗೋಡೆ ನಿಲ್ಲದು. ಒಳಗೆ ಕಂಬ ಇದ್ದ ಮನೆಗಳಲ್ಲಿ ಗೋಡೆ ಕುಸಿದರೂ ಮಾಳಿಗೆ ನಿಂತು ಜನರಿಗೆ ಹೊರಗೆ ಬರಲು ಹೊತ್ತು ಕೊಟ್ಟಿತು. ಗೋಡೆಯೇ ಭಾರ ಹೊತ್ತ ಮನೆಗಳಲ್ಲಿ ಆ ಹೊತ್ತು ಸಿಗಲಿಲ್ಲ. ಪೂರ್ತಿ ಬಿದ್ದ ಮನೆಗೆ ಸರಕಾರ ಐದು ಲಕ್ಷ ರೂಪಾಯಿ ಘೋಷಿಸಿತು. ಕಾಂಕ್ರೀಟಿನ ಮನೆಗಳು ಎದ್ದವು. ಅವುಗಳ ಅವಶ್ಯಕತೆಯನ್ನು ನಾನು ಅಲ್ಲಗಳೆಯುವುದಿಲ್ಲ. ರಾತ್ರಿ ಗೋಡೆ ಬಿರಿಯುವ ಸದ್ದು ಕೇಳಿದವರಿಗೆ ಮಣ್ಣಿನ ಗುಣಗಾನ ಮಾಡುವ ಧೈರ್ಯ ನನಗಿಲ್ಲ. ಆದರೆ ಆ ನಕ್ಷೆಗಳಲ್ಲಿ ಎತ್ತಿಗೆ ಒಂದು ಅಂಕಣವೂ ಇರಲಿಲ್ಲ, ಜೋಳದ ಚೀಲಕ್ಕೆ ಮೂಲೆಯೂ ಇರಲಿಲ್ಲ. ಕಲ್ಲಿನ ಅಡಿಪಾಯವನ್ನು ಎರಡಡಿ ಎತ್ತರಿಸಿ, ಕಟ್ಟಿಗೆ ಕಂಬ ಕೊಟ್ಟು ಮಣ್ಣಿನ ಮನೆಯನ್ನೇ ಮತ್ತೆ ನಿಲ್ಲಿಸಬಲ್ಲ ಗೌಂಡಿಗಳು ಆಗ ಇನ್ನೂ ಇದ್ದರು. ಅವರನ್ನು ಯಾರೂ ಕರೆಯಲಿಲ್ಲ.

ನಮ್ಮ ಆಯಿಯ ಮನೆಯೂ ಅದೇ ಮಳೆಗೆ ಹಿತ್ತಲ ಕಡೆಯಿಂದ ಕೂತಿತು. ಮಾವನ ಮಕ್ಕಳು ಉಳಿದದ್ದನ್ನು ತಾವೇ ಇಳಿಸಿದರು. ಮಾಳಿಗೆಯ ಮಣ್ಣು ಹೊಲಕ್ಕೆ ಹೋಯಿತು, ಜಂತಿಗಳು ಒಲೆಗೆ. ತಲಬಾಗಿಲಿನ ಚೌಕಟ್ಟನ್ನು ಮಾತ್ರ ಕೆಡಿಸದೆ ಬೇವಿನ ಗಿಡಕ್ಕೆ ಒರಗಿಸಿಟ್ಟರು. ಹೊಸ ಮನೆಯ ಗೋಡೆಗೆ ಅದು ದಪ್ಪವಾಯಿತು, ಎತ್ತರ ಸಾಲಲಿಲ್ಲ. ಕಡೆಗೆ ಊರ ಬಡಿಗೇರ ಬಂದು ಕೆಳಗೆ ಹೊಸ ಹೊಸ್ತಿಲು ಕೂಡಿಸಿ ಎತ್ತರಿಸಿ ಕೊಟ್ಟ. ಈಗ ಅಲ್ಲಿ ಒಳಗೆ ಹೋಗಲು ತಲೆ ಬಗ್ಗಿಸಬೇಕಿಲ್ಲ. ಆದರೂ ಮಾವ ಬಾಗಿಲಿಗೆ ಬಂದಾಗ ಅಭ್ಯಾಸಬಲದಿಂದ ಇನ್ನೂ ಬಗ್ಗಿಯೇ ಒಳಗೆ ಹೋಗುತ್ತಾನೆ.